ಏಕಾದಶಿ, ರೋಜಾ, ಒಪ್ಪೊತ್ತು, 16:8: ನಿಮ್ಮ ದೇಹಕ್ಕೆ ಯಾವ ಉಪವಾಸ ಹೊಂದುತ್ತದೆ?

ನಮ್ಮಮ್ಮ ಮದುವೆಯಾಗಿ ಬಂದ ವರ್ಷದಿಂದ ಏಕಾದಶಿ ಬಿಟ್ಟವರಲ್ಲ. ಎರಡು ವರ್ಷದ ಹಿಂದೆ ಒಂದು ಏಕಾದಶಿ ಸಂಜೆ ದೇವರ ಮನೆ ಮುಂದೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಹತ್ತಿ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ಏನಾದರೂ ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು. ಹಣೆ ಮುಟ್ಟಿ ನೋಡಿದೆ. ಫ್ಯಾನ್ ಕೆಳಗೆ ಕೂತವರಿಗೆ ಬೆವರು ಇಳಿಯುತ್ತಿದೆ, ಅಂಗೈ ಮಾತ್ರ ತಣ್ಣಗಿದೆ. ಬೆರಳು ಚುಚ್ಚಿ ನೋಡಿದರೆ ಶುಗರ್ 52.

ಬೆಳಗ್ಗೆ ಎದ್ದವರೇ "ಮಾತ್ರೆ ಮಾತ್ರ ತಪ್ಪಿಸಬಾರದು" ಎಂದು ಒಂದು ಗುಟುಕು ನೀರಿನಲ್ಲಿ ಶುಗರ್ ಮಾತ್ರೆ ನುಂಗಿದ್ದರು. ಆಮೇಲೆ ಹೊಟ್ಟೆಗೆ ಏನೂ ಇಲ್ಲ. ಮಾತ್ರೆ ತನ್ನ ಕೆಲಸ ತಾನು ಮಾಡಿತ್ತು. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿದೆ. ಕಾಲು ಗಂಟೆ ಬಿಟ್ಟು ನೋಡಿದಾಗ 88 ಬಂತು. "ವ್ರತ ಕೆಟ್ಟಿತಲ್ಲೇ" ಎಂದು ಅಮ್ಮ ಅತ್ತರು. ಅದನ್ನು ನಾನು ಇನ್ನೂ ಮರೆತಿಲ್ಲ.

ಅವತ್ತಿನಿಂದ ಉಪವಾಸದ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಡಾಕ್ಟರ ಹತ್ತಿರ ಕೇಳಿದ್ದೇನೆ, ಮನೆಯಲ್ಲಿ ಮಾಡಿ ನೋಡಿದ್ದೇನೆ. ಉಪವಾಸ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ಮೂರು ಮಾತು ತಿರುಗಿ ಕೇಳುತ್ತೇನೆ. ನೀರು ಕುಡಿಯುತ್ತೀರಾ? ದಿನಾ ಯಾವ ಮಾತ್ರೆ ತಗೊಳ್ಳುತ್ತೀರಿ? ಉಪವಾಸ ಬಿಡುವಾಗ ಏನು ತಿನ್ನುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಉಪವಾಸ ನಿಮಗೆ ಸರಿ ಎಂದು ಹೇಳುವುದು ಕಷ್ಟವಲ್ಲ.

ಹೊಟ್ಟೆ ಖಾಲಿಯಾದಾಗ ಒಳಗೆ ಏನು ನಡೆಯುತ್ತದೆ

ಊಟವಾದ ಮೇಲೆ ನಾಲ್ಕೈದು ಗಂಟೆ ದೇಹ ಆ ಊಟದ ಸಕ್ಕರೆಯಲ್ಲೇ ಓಡುತ್ತದೆ. ಅದು ಮುಗಿದ ಮೇಲೆ ಪಿತ್ತಜನಕಾಂಗ, ಅಂದರೆ ಲಿವರ್, ತಾನು ಕೂಡಿಟ್ಟ ಸಕ್ಕರೆಯನ್ನು, ಅಂದರೆ ಗ್ಲೈಕೊಜೆನ್ ಅನ್ನು, ಬಿಚ್ಚುತ್ತದೆ. ಅದು ಸುಮಾರು 100 ಗ್ರಾಂ ಇರುತ್ತದೆ, ಅಷ್ಟೇ. ಹನ್ನೆರಡು ಗಂಟೆ ದಾಟಿದಂತೆ ಅದು ಇಳಿಯುತ್ತಾ ಬರುತ್ತದೆ, ಕೊಬ್ಬು ಕರಗಿಸುವ ಕೆಲಸ ಜಾಸ್ತಿಯಾಗುತ್ತದೆ. ಒಂದು ದಿನ ಕಳೆಯುವ ಹೊತ್ತಿಗೆ ಗ್ಲೈಕೊಜೆನ್ ಬಹುಪಾಲು ಖಾಲಿ. ಕೊಬ್ಬಿನಿಂದ ಕೀಟೋನ್ ತಯಾರಾಗಿ ಮೆದುಳಿಗೂ ಅದೇ ಆಹಾರವಾಗತೊಡಗುತ್ತದೆ. ಬಾಯಿಗೆ ಒಂಥರಾ ವಾಸನೆ ಬರುವುದು ಇದರಿಂದಲೇ.

ಇಲ್ಲಿ ಒಂದು ಮಾತು. ಗ್ಲೈಕೊಜೆನ್ ತನ್ನ ತೂಕದ ಎರಡು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಖರ್ಚಾದಾಗ ಆ ನೀರೂ ಹೊರಗೆ ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. "ಎರಡು ದಿನ ಉಪವಾಸ, ಎರಡು ಕೆಜಿ ಇಳಿದೆ" ಎಂದು ಹೇಳುವವರಲ್ಲಿ ಇಳಿದದ್ದು ಬಹುಪಾಲು ಈ ನೀರು. ಸರಿಯಾಗಿ ಎರಡು ಊಟ ಮಾಡಿದರೆ ವಾಪಸ್ ಬರುತ್ತದೆ. ತಕ್ಕಡಿ ನೋಡಿ ಹಿಗ್ಗುವುದೂ ಬೇಡ, ಆಮೇಲೆ ಕುಗ್ಗುವುದೂ ಬೇಡ.

ಉಪವಾಸದಿಂದ "ವಿಷ ಹೊರಗೆ ಹೋಗುತ್ತದೆ" ಎನ್ನುವ ಮಾತು ನಾನು ನಂಬುವುದಿಲ್ಲ. ಆ ಕೆಲಸವನ್ನು ಲಿವರ್ ಮತ್ತು ಕಿಡ್ನಿ ನೀವು ತಿಂದರೂ ತಿನ್ನದಿದ್ದರೂ ದಿನವೂ ಮಾಡುತ್ತವೆ. ಇನ್ನೊಂದು ಮಾತು ಆಟೋಫಜಿ. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ತಾನೇ ಅರಗಿಸಿಕೊಂಡು ಮತ್ತೆ ಬಳಸುವ ಕ್ರಿಯೆ ಇದು. ಇದರ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು. ಹಸಿವಿನಿಂದ ಅದು ಚುರುಕಾಗುತ್ತದೆ ಎಂಬುದು ನಿಜ. ಆದರೆ ಅವರು ಕೆಲಸ ಮಾಡಿದ್ದು ಯೀಸ್ಟ್ ಮೇಲೆ. "16 ಗಂಟೆಗೆ ಶುರುವಾಗುತ್ತದೆ, 24 ಗಂಟೆಗೆ ಕ್ಯಾನ್ಸರ್ ಕಣ ಸಾಯುತ್ತದೆ" ಎಂದು ವಾಟ್ಸಾಪಿನಲ್ಲಿ ಓಡಾಡುವ ಗಂಟೆಯ ಪಟ್ಟಿಗೆ ಮನುಷ್ಯರ ಮೇಲಿನ ಆಧಾರವಿಲ್ಲ. ಕ್ಯಾನ್ಸರ್ ಇರುವವರು ಅದನ್ನು ನಂಬಿ ಊಟ ಬಿಟ್ಟರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯೇ ಹೋಗುತ್ತದೆ.

ಏಕಾದಶಿ: ನಿರ್ಜಲವೋ, ಫಲಾಹಾರವೋ?

ತಿಂಗಳಿಗೆ ಎರಡು, ವರ್ಷಕ್ಕೆ 24. ಅಧಿಕ ಮಾಸ ಬಂದರೆ 26. ಆದರೆ "ಏಕಾದಶಿ ಮಾಡ್ತೀನಿ" ಎನ್ನುವ ಇಬ್ಬರು ಮಾಡುವುದು ಒಂದೇ ಉಪವಾಸ ಅಲ್ಲ. ಹೊಟ್ಟೆಯ ಲೆಕ್ಕದಲ್ಲಿ ನಿರ್ಜಲಕ್ಕೂ ಫಲಾಹಾರಕ್ಕೂ ಅಜಗಜಾಂತರ.

ಕಟ್ಟುನಿಟ್ಟಾಗಿ ಮಾಡುವ ಮನೆಗಳಲ್ಲಿ ದಶಮಿಯ ದಿನ ಒಂದೇ ಊಟ. ಏಕಾದಶಿ ಪೂರ್ತಿ ನಿರಾಹಾರ, ನೀರೂ ಇಲ್ಲ. ದ್ವಾದಶಿ ಬೆಳಗ್ಗೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ದಶಮಿ ಮಧ್ಯಾಹ್ನ 12ಕ್ಕೆ ಉಂಡು ದ್ವಾದಶಿ ಬೆಳಗ್ಗೆ 6ಕ್ಕೆ ಎಲೆ ಮುಂದೆ ಕೂತರೆ ನಡುವೆ 42 ಗಂಟೆ. ಇವತ್ತು ಜನ ದುಡ್ಡು ಕೊಟ್ಟು ಆಪ್ ಹಾಕಿಕೊಂಡು ಮಾಡುವ ಉಪವಾಸಗಳಲ್ಲಿ ಬಹಳಷ್ಟು ಇಷ್ಟು ಉದ್ದ ಇಲ್ಲ. ಆರೋಗ್ಯವಾಗಿರುವ, ಮಾತ್ರೆ ಇಲ್ಲದ, ನಡುವಯಸ್ಸಿನವರಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಚಿಕ್ಕಂದಿನಿಂದ ರೂಢಿ ಇದ್ದವರಿಗೆ ಹಸಿವು ಅಷ್ಟು ಕಾಡುವುದೂ ಇಲ್ಲ.

ಕಷ್ಟ ಇರುವುದು ನೀರಿನಲ್ಲಿ. ಊಟವಿಲ್ಲದೆ ದೇಹ ಬಹಳ ದಿನ ತಾಳುತ್ತದೆ, ನೀರಿಲ್ಲದೆ ತಾಳುವುದಿಲ್ಲ. ಊಟ ಬಿಟ್ಟಾಗ ಅನ್ನ ಸಾರಿನ ಜೊತೆ ಬರುವ ನೀರೂ ತಪ್ಪುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಇದು ಇನ್ನೂ ಕಠಿಣ. ನಿರ್ಜಲ ಏಕಾದಶಿ ಎಂದೇ ಹೆಸರಾದದ್ದು ಜ್ಯೇಷ್ಠ ಮಾಸದಲ್ಲಿ ಬರುತ್ತದೆ. ಕಲ್ಬುರ್ಗಿ, ರಾಯಚೂರಿನ ಕಡೆ ಬಿಸಿಲು ಆಗ ಹೇಗಿರುತ್ತದೆ ಎಂದು ಅಲ್ಲಿಯವರಿಗೆ ಗೊತ್ತು. ಮೂತ್ರ ಗಾಢ ಹಳದಿ ಬಣ್ಣಕ್ಕೆ ತಿರುಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದೇ ಅರ್ಥ. ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿದ್ದವರು, ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತಗೊಳ್ಳುವವರು, ಯೂರಿಕ್ ಆಸಿಡ್‌ನಿಂದ ಹೆಬ್ಬೆರಳು ಊದಿಸಿಕೊಂಡವರು ನಿರ್ಜಲಕ್ಕೆ ಹೋಗದಿರುವುದೇ ಒಳ್ಳೆಯದು. ಕೀಟೋನ್ ಜಾಸ್ತಿಯಾದಾಗ ಯೂರಿಕ್ ಆಸಿಡ್ ಹೊರಹೋಗುವುದು ಕಡಿಮೆಯಾಗುತ್ತದೆ.

ಹಾಗಾದರೆ ಫಲಾಹಾರ ಸುರಕ್ಷಿತ ಅಲ್ವಾ? ನೀರಿನ ಲೆಕ್ಕದಲ್ಲಿ ಹೌದು. ತಟ್ಟೆಯ ಲೆಕ್ಕ ನೋಡಿದರೆ ಯೋಚನೆ ಮಾಡಬೇಕಾಗುತ್ತದೆ. ನಮ್ಮ ಮನೆಯದ್ದೇ ಹೇಳುತ್ತೇನೆ. ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ಖಿಚಡಿ, ಸಂಜೆ ರವೆ ಉಪ್ಪಿಟ್ಟು ಅಥವಾ ಸಬ್ಬಕ್ಕಿ ವಡೆ, ರಾತ್ರಿ ಹಾಲು ಬಾಳೆಹಣ್ಣು. ಅನ್ನ ಮುಟ್ಟಿಲ್ಲ ಎಂಬ ಸಮಾಧಾನ. ಆದರೆ ಸಬ್ಬಕ್ಕಿ ಅಂದರೆ ಮರಗೆಣಸಿನ ಪಿಷ್ಟ, ಬೇರೇನೂ ಇಲ್ಲ. 100 ಗ್ರಾಂ ಒಣ ಸಬ್ಬಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಮೂ ಇಲ್ಲ. ಅಷ್ಟೇ ಅಕ್ಕಿಯಲ್ಲಿ ಏಳು ಗ್ರಾಂ ಆದರೂ ಇರುತ್ತದೆ. ಅದನ್ನು ಎಣ್ಣೆಯಲ್ಲಿ ಕರಿದರೆ ಕೇಳುವುದೇ ಬೇಡ. ಮಾಮೂಲಿ ದಿನದ ಅನ್ನ ಹುಳಿ ಪಲ್ಯಕ್ಕಿಂತ ಉಪವಾಸದ ದಿನವೇ ಶುಗರ್ ಮೇಲಕ್ಕೆ ಹೋದದ್ದನ್ನು ನಾನು ಅಮ್ಮನ ಪುಸ್ತಕದಲ್ಲಿ ನೋಡಿದ್ದೇನೆ.

ಫಲಾಹಾರವನ್ನು ಫಲಾಹಾರವಾಗಿಯೇ ಇಟ್ಟುಕೊಂಡರೆ ಅದರಷ್ಟು ಹಿತವಾದದ್ದು ಇಲ್ಲ. ಸೀಬೆಹಣ್ಣು, ಪಪ್ಪಾಯಿ, ಮೂಸಂಬಿ, ಒಂದು ಲೋಟ ಹಾಲು, ಮಜ್ಜಿಗೆ, ನಿಮ್ಮ ಸಂಪ್ರದಾಯ ಒಪ್ಪಿದರೆ ಒಂದು ಹಿಡಿ ಹುರಿದ ಶೇಂಗಾ. ಶೇಂಗಾದಲ್ಲಿ 100 ಗ್ರಾಂಗೆ 25 ಗ್ರಾಂ ಹತ್ತಿರ ಪ್ರೋಟೀನ್ ಇದೆ. ಸಬ್ಬಕ್ಕಿ ಖಿಚಡಿ ಮಾಡಲೇಬೇಕು ಅಂದರೆ ಸಬ್ಬಕ್ಕಿ ಅರ್ಧಕ್ಕೆ ಇಳಿಸಿ, ಶೇಂಗಾ ಪುಡಿ ಎರಡರಷ್ಟು ಹಾಕಿ, ಜೊತೆಗೆ ಮೊಸರು ಇಟ್ಟುಕೊಳ್ಳಿ.

ಪಾರಣೆಯ ಅಡುಗೆಯಲ್ಲಿ ನಮ್ಮ ಹಿರಿಯರು ಬುದ್ಧಿ ತೋರಿಸಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹುಣಸೆ ಮೆಣಸಿನಕಾಯಿ ಇಲ್ಲದ ಸಪ್ಪೆ ಅಡುಗೆ. ಎರಡು ದಿನ ಖಾಲಿ ಇದ್ದ ಹೊಟ್ಟೆಗೆ ಖಾರ ಹುಳಿ ಬಿದ್ದರೆ ಎದೆ ಉರಿ ಖಂಡಿತ. ಇತ್ತೀಚೆಗೆ ಆ ಸಪ್ಪೆ ಅಡುಗೆ ಬಿಟ್ಟು ನೇರ ಪೂರಿ ಸಾಗು, ಬಿಸಿಬೇಳೆ ಬಾತಿಗೆ ಹೋಗುವವರು ಉಪವಾಸದ ಒಳ್ಳೆಯ ಭಾಗವನ್ನೇ ಕಳೆದುಕೊಳ್ಳುತ್ತಾರೆ.

ಒಪ್ಪೊತ್ತು, ಸಂಕಷ್ಟಿ, ಶಿವರಾತ್ರಿ

ಶ್ರಾವಣ ಶನಿವಾರದ ಒಪ್ಪೊತ್ತು, ಅಂದರೆ ದಿನಕ್ಕೆ ಒಂದೇ ಊಟ, ಮಧ್ಯಾಹ್ನ ಆದರೆ ಸಲೀಸು. ಮಧ್ಯಾಹ್ನ ದೇಹ ಸಕ್ಕರೆಯನ್ನು ರಾತ್ರಿಗಿಂತ ಚೆನ್ನಾಗಿ ಅರಗಿಸುತ್ತದೆ. ಸಂಕಷ್ಟಿ ಇದಕ್ಕೆ ಉಲ್ಟಾ. ದಿನವಿಡೀ ಖಾಲಿ ಇದ್ದು ಚಂದ್ರೋದಯವಾದ ಮೇಲೆ, ಕೆಲವು ಸಲ ರಾತ್ರಿ ಒಂಬತ್ತೂವರೆಗೆ, ಕಡುಬು ಪಾಯಸದ ಊಟ ಮಾಡಿ ಹತ್ತೂವರೆಗೆ ಮಲಗುವುದು. ಆಸಿಡಿಟಿ ಇರುವವರಿಗೆ ಇದು ಕಷ್ಟದ ಉಪವಾಸ. ಹಗಲು ಹಣ್ಣು ಹಾಲು ತಗೊಂಡು, ರಾತ್ರಿ ಊಟ ಹಗುರ ಮಾಡಿ, ಕಡುಬು ಒಂದೋ ಎರಡೋ ತಿಂದರೆ ತೊಂದರೆಯಿಲ್ಲ. ಶಿವರಾತ್ರಿಯಲ್ಲಿ ಉಪವಾಸದ ಜೊತೆ ಜಾಗರಣೆ ಸೇರುತ್ತದೆ. ನಿದ್ದೆಗೆಟ್ಟ ಮಾರನೇ ದಿನ ಶುಗರ್ ಏರುಪೇರಾಗುವುದು ಸಾಮಾನ್ಯ. ಬೆಳಗ್ಗೆ ಎದ್ದು ಬೈಕ್, ಕಾರು ಓಡಿಸುವ ಕೆಲಸ ಇಟ್ಟುಕೊಳ್ಳಬೇಡಿ.

ರೋಜಾ: 30 ದಿನದ ಲೆಕ್ಕ ಬೇರೆ

ರಂಜಾನ್ ಉಪವಾಸ ಒಂದು ದಿನದ್ದಲ್ಲ, ಒಂದು ತಿಂಗಳದ್ದು. ನಸುಕಿನ ಸಹರಿ ಊಟದಿಂದ ಸೂರ್ಯ ಮುಳುಗುವ ಇಫ್ತಾರ್ ತನಕ ಊಟ ನೀರು ಎರಡೂ ಇಲ್ಲ. ನಮ್ಮ ಕಡೆ ಇದು 13-14 ಗಂಟೆ. ಚಾಂದ್ರಮಾನದ ತಿಂಗಳಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತಾ ಹೋಗುತ್ತದೆ. ಅದು ಜೂನ್‌ನಲ್ಲಿ ಬಂದ ವರ್ಷಗಳಲ್ಲಿ ಲಂಡನ್‌ನಲ್ಲಿರುವ ಭಟ್ಕಳದವರೋ ಮಂಗಳೂರಿನವರೋ ಸುಮಾರು 18 ಗಂಟೆ ಇರಬೇಕಾಗುತ್ತದೆ.

ಗಂಟೆ ಕಡಿಮೆಯಾದರೂ ಮೂವತ್ತು ದಿನ ಸತತವಾಗಿ ಆಗುವುದರಿಂದ ಮಾತ್ರೆಯ ಹೊತ್ತು ಬದಲಾಯಿಸದೆ ಇರುವಂತಿಲ್ಲ. ಶುಗರ್ ಇರುವವರು ರಂಜಾನ್‌ಗೆ ಆರರಿಂದ ಎಂಟು ವಾರ ಮೊದಲೇ ಡಾಕ್ಟರನ್ನು ನೋಡಬೇಕು ಎಂದು ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ ಮಾರ್ಗಸೂಚಿ ಹೇಳುತ್ತದೆ. ಅದರಲ್ಲೇ ಇನ್ನೊಂದು ಸ್ಪಷ್ಟ ಗೆರೆ ಇದೆ. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ರೋಜಾ ಅಲ್ಲಿಗೇ ಬಿಡಬೇಕು.

ನಮ್ಮ ಎದುರು ಮನೆಯ ಆಪಾಗೆ ಶುಗರ್ ಇದೆ. ರಂಜಾನ್‌ನಲ್ಲಿ ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಬೆರಳು ಚುಚ್ಚಿ ನೋಡಿ ಗೋಡೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಬೆರಳು ಚುಚ್ಚಿದರೆ ರೋಜಾ ಮುರಿಯುವುದಿಲ್ಲ ಎಂದು ಮಸೀದಿಯಲ್ಲಿ ಮೊದಲೇ ಕೇಳಿಕೊಂಡಿದ್ದಾರೆ. ಒಂದು ದಿನ ನಾನು ಅಲ್ಲಿದ್ದಾಗಲೇ 66 ಬಂತು. ಇಫ್ತಾರ್‌ಗೆ ಇನ್ನು 40 ನಿಮಿಷ. ಮಗಳು "ಇನ್ನು ಸ್ವಲ್ಪ ಹೊತ್ತು ಅಮ್ಮೀ" ಎಂದಳು. ಆಪಾ ಸುಮ್ನೆ ಡಬ್ಬಿ ತೆಗೆದು ಎರಡು ಖರ್ಜೂರ ಬಾಯಿಗೆ ಹಾಕಿಕೊಂಡರು. "ಕಾಯಿಲೆಯವರಿಗೆ ದೇವರೇ ರಿಯಾಯಿತಿ ಕೊಟ್ಟಿದ್ದಾನಮ್ಮ, ನಾನ್ಯಾಕೆ ಬೇಡ ಅನ್ನಲಿ?" ಎಂದರು. ಬಿಟ್ಟ ರೋಜಾವನ್ನು ಆಮೇಲೆ ಹಿಡಿಯಬಹುದು, ಹಿಡಿಯಲಾಗದವರು ಬಡವರಿಗೆ ಊಟ ಕೊಡಬಹುದು ಎಂಬ ದಾರಿ ಅವರ ಧರ್ಮದಲ್ಲೇ ಇದೆ. ಆ ಸಂಜೆ ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ.

ರೋಜಾದಲ್ಲಿ ತೂಕ ಇಳಿಯುವುದೋ ಏರುವುದೋ ಇಫ್ತಾರ್ ತಟ್ಟೆ ಮೇಲೆ ನಿಂತಿದೆ. ಖರ್ಜೂರ, ನೀರು, ಗಂಜಿ, ಹಣ್ಣು, ಆಮೇಲೆ ಮಾಮೂಲಿ ಊಟ ಮಾಡುವವರಿಗೆ ತೂಕ ಸ್ವಲ್ಪ ಇಳಿಯುತ್ತದೆ. ದಿನಾ ಸಮೋಸ, ಕಬಾಬ್, ಬಣ್ಣದ ಶರಬತ್ತು ಆದರೆ ಹಬ್ಬದ ಹೊತ್ತಿಗೆ ಷರ್ಟ್ ಬಿಗಿಯಾಗಿರುತ್ತದೆ. ಸಹರಿ ಬಿಟ್ಟು ಮಲಗುವುದು ದೊಡ್ಡ ತಪ್ಪು. ಮೊಟ್ಟೆ, ಬೇಳೆ, ಮೊಸರು, ಚಪಾತಿ ತಿಂದು ಎರಡು ಲೋಟ ನೀರು ಕುಡಿದವರಿಗೆ ಮಧ್ಯಾಹ್ನದ ತಲೆನೋವು ಕಡಿಮೆ.

16:8 ಮತ್ತು ಸೂರ್ಯಾಸ್ತದೊಳಗಿನ ಊಟ

ಈಗ ಆಫೀಸುಗಳಲ್ಲಿ ಜಾಸ್ತಿ ಕೇಳಿಬರುವುದು ಇದು. ದಿನಕ್ಕೆ 16 ಗಂಟೆ ಖಾಲಿ, 8 ಗಂಟೆಯೊಳಗೆ ಊಟ. ನೀರು ಕುಡಿಯಬಹುದು, ಹಾಲೂ ಸಕ್ಕರೆಯೂ ಹಾಕದ ಕಾಫಿ ಟೀ ಕುಡಿಯಬಹುದು. ನಮ್ಮ ಫಿಲ್ಟರ್ ಕಾಫಿ ಕುಡಿದರೆ ಉಪವಾಸ ಮುರಿದ ಹಾಗೆ. ನಮ್ಮಲ್ಲಿ ಬಹಳ ಜನ ಸೋಲುವುದು ಇದೊಂದರಲ್ಲೇ.

ಇದನ್ನು ಮಾಡುವ ಬಹುತೇಕರು ತಿಂಡಿ ಬಿಡುತ್ತಾರೆ. ಮಧ್ಯಾಹ್ನ 12ರಿಂದ ರಾತ್ರಿ 8ರ ತನಕ ತಿನ್ನುತ್ತಾರೆ. ಅಮೆರಿಕದಲ್ಲಿ 116 ಮಂದಿಯ ಮೇಲೆ 12 ವಾರ ಇದೇ ವೇಳಾಪಟ್ಟಿ ಇಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಮೂರು ಹೊತ್ತು ತಿಂದವರಿಗೂ ಇವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯದವರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಬಂತು. ಎಲ್ಲರೂ ಕ್ಯಾಲೊರಿ ಕಡಿಮೆ ಮಾಡಿದರು. ಅರ್ಧ ಜನ ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರೊಳಗೆ ತಿಂದರು. ಗಂಟೆ ನೋಡಿ ತಿಂದವರು 8 ಕೆಜಿ, ನೋಡದವರು 6.3 ಕೆಜಿ ಇಳಿದರು. ಆ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಎರಡೂ ಗುಂಪಿನಲ್ಲಿ ಕೆಲಸ ಮಾಡಿದ್ದು ಕಡಿಮೆ ತಿಂದದ್ದು.

ಹಾಗಂತ ಹೊತ್ತಿಗೆ ಬೆಲೆಯೇ ಇಲ್ಲ ಎಂದಲ್ಲ. 2018ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಶುಗರ್ ಬರುವ ಅಂಚಿನಲ್ಲಿದ್ದ ಎಂಟು ಗಂಡಸರಿಗೆ ಐದು ವಾರ ಮಧ್ಯಾಹ್ನ 3ರೊಳಗೆ ದಿನದ ಕೊನೆಯ ಊಟ ಮುಗಿಸಲು ಹೇಳಿದರು. ತೂಕ ಇಳಿಯದಂತೆ ಅಷ್ಟೇ ಊಟ ಕೊಟ್ಟರು. ಆದರೂ ಬಿಪಿ ಇಳಿಯಿತು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಎಂಟೇ ಜನ, ಚಿಕ್ಕ ಅಧ್ಯಯನ, ಅದು ನೆನಪಿರಲಿ. ಆದರೂ ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜೈನ ಸ್ನೇಹಿತರ ಮನೆ. ಮೂಡುಬಿದಿರೆಯ ಆ ಮನೆಯಲ್ಲಿ ಸೂರ್ಯ ಮುಳುಗುವ ಮೊದಲು ಊಟ ಮುಗಿದು ಪಾತ್ರೆಯೂ ತೊಳೆದಾಗಿರುತ್ತದೆ. ಬೆಳಗ್ಗೆ ಎಂಟಕ್ಕೆ ತಿಂಡಿ. ಯಾವ ಆಪ್ ಇಲ್ಲದೆ ದಿನಕ್ಕೆ 13-14 ಗಂಟೆ ಖಾಲಿ ಹೊಟ್ಟೆ, ಅದೂ ಸರಿಯಾದ ಹೊತ್ತಿನಲ್ಲಿ. ಎರಡರಲ್ಲಿ ಆರಿಸು ಅಂದರೆ ನಾನು ತಿಂಡಿ ಬಿಡುವ 16:8ಕ್ಕಿಂತ ಇದನ್ನೇ ಆರಿಸುತ್ತೇನೆ.

2024ರ ಮಾರ್ಚ್‌ನಲ್ಲಿ "ಎಂಟು ಗಂಟೆಯೊಳಗೆ ತಿನ್ನುವವರಿಗೆ ಹೃದಯದ ಸಾವು 91% ಜಾಸ್ತಿ" ಎಂಬ ಸುದ್ದಿ ಬಂದು ಬಹಳ ಜನ ಹೆದರಿದರು. ಅದು ಅಮೆರಿಕದ ಸುಮಾರು 20,000 ಮಂದಿಯ ಹಳೆಯ ಮಾಹಿತಿ ಹೆಕ್ಕಿ ನೋಡಿದ್ದು. ಅವರು ಎರಡು ದಿನ ಏನು ತಿಂದೆವು ಎಂದು ನೆನಪಿನಿಂದ ಹೇಳಿದ್ದೇ ಅದಕ್ಕೆ ಆಧಾರ. ಕಾಯಿಲೆಯಿಂದ ಊಟ ಸೇರದವರೂ ಅದರಲ್ಲಿ ಇರಬಹುದು, ಪಾಳಿ ಕೆಲಸದಲ್ಲಿ ಊಟ ತಪ್ಪಿಸಿಕೊಂಡವರೂ ಇರಬಹುದು. ಉಪವಾಸವೇ ಕೊಂದಿತು ಎಂದು ಅದರಿಂದ ಹೇಳಲಾಗದು. ಆದರೆ ಹೃದಯದ ಕಾಯಿಲೆ ಇರುವವರು ತಾವಾಗಿ ಇದಕ್ಕೆ ಇಳಿಯಬಾರದು ಎಂಬ ಎಚ್ಚರಿಕೆಯಾಗಿ ಅದನ್ನು ತಗೊಳ್ಳಬಹುದು.

5:2 ಮತ್ತು ದಿನ ಬಿಟ್ಟು ದಿನ

ವಾರದಲ್ಲಿ ಐದು ದಿನ ಮಾಮೂಲಿ ಊಟ, ಎರಡು ದಿನ 500-600 ಕ್ಯಾಲೊರಿ ಮಾತ್ರ. 500 ಕ್ಯಾಲೊರಿ ಅಂದರೆ ಎರಡು ಇಡ್ಲಿ ಸಾಂಬಾರ್, ಒಂದು ಬಟ್ಟಲು ಬೇಳೆ ಸೊಪ್ಪಿನ ಸಾರು, ಒಂದು ಹಣ್ಣು, ಒಂದು ಲೋಟ ಮಜ್ಜಿಗೆ. ಅಷ್ಟರಲ್ಲಿ ದಿನ ಕಳೆಯಬೇಕು. ಆಸ್ಟ್ರೇಲಿಯಾದಲ್ಲಿ ಟೈಪ್ 2 ಶುಗರ್ ಇರುವ 137 ಮಂದಿಯಲ್ಲಿ ಒಂದು ವರ್ಷ ಇದನ್ನು ದಿನಾ ಸ್ವಲ್ಪ ಕಡಿಮೆ ತಿನ್ನುವುದರ ಜೊತೆ ಹೋಲಿಸಿದರು. ಮೂರು ತಿಂಗಳ ಶುಗರ್ ಸರಾಸರಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಮಾತ್ರೆ ಇನ್ಸುಲಿನ್ ಪ್ರಮಾಣವನ್ನು ಮೊದಲೇ ಇಳಿಸಿಕೊಂಡು ಮಾಡಿದ್ದು ಎಂಬುದನ್ನು ಮರೆಯಬೇಡಿ. ದಿನವೂ ಲೆಕ್ಕ ಇಡಲು ಬೇಜಾರು, ವಾರಕ್ಕೆರಡು ದಿನ ಆದರೆ ಸರಿ ಎನ್ನುವವರಿಗೆ ಇದು ಹೊಂದುತ್ತದೆ. ಸೋಮವಾರ, ಗುರುವಾರ ಹೇಗೂ ಒಪ್ಪೊತ್ತು ಮಾಡುವವರು ಇದರ ಹತ್ತಿರವೇ ಇದ್ದಾರೆ.

ದಿನ ಬಿಟ್ಟು ದಿನ ಉಪವಾಸ ನಾನು ಯಾರಿಗೂ ಹೇಳುವುದಿಲ್ಲ. ಶಿಕಾಗೋದಲ್ಲಿ 100 ಮಂದಿಯ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನದಲ್ಲಿ ಈ ಗುಂಪಿನ 38% ಜನ ಮಧ್ಯದಲ್ಲೇ ಬಿಟ್ಟರು. ದಿನಾ ಕಡಿಮೆ ತಿಂದವರಲ್ಲಿ ಬಿಟ್ಟವರು 29%. ತೂಕ ಇಳಿದದ್ದು ಎರಡರಲ್ಲೂ ಬಹುತೇಕ ಅಷ್ಟೇ.

ವಾರಗಟ್ಟಲೆ ಜ್ಯೂಸ್ ಮೇಲೆ, ಬರೀ ನೀರಿನ ಮೇಲೆ ಇರುವುದನ್ನು ಮನೆಯಲ್ಲಿ ಮಾಡಲೇಬೇಡಿ. ಅಷ್ಟು ದಿನ ಖಾಲಿ ಇದ್ದು ಒಮ್ಮೆಲೇ ಉಂಡರೆ ರಕ್ತದಲ್ಲಿ ಫಾಸ್ಫೇಟ್, ಪೊಟಾಷಿಯಂ ದಿಢೀರ್ ಕುಸಿದು ಹೃದಯದ ಬಡಿತವೇ ಕೆಡಬಹುದು. ಎರಡನೇ ಮಹಾಯುದ್ಧದಲ್ಲಿ ಹಸಿದು ಬಿಡುಗಡೆಯಾದ ಕೈದಿಗಳಲ್ಲಿ ವೈದ್ಯರು ಇದನ್ನು ಕಣ್ಣಾರೆ ಕಂಡರು. ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗಳಲ್ಲಿ ಆದರೆ ದಿನಾ ಬಿಪಿ ನೋಡುವವರು, ರಕ್ತ ಪರೀಕ್ಷೆ ಮಾಡುವವರು ಇರುತ್ತಾರೆ.

ಮಾತ್ರೆ ಡಬ್ಬಿ ತೆಗೆದು ನೋಡಿ

2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಹಾಗಾಗಿ ಉಪವಾಸ ಮಾಡುವ ಮನೆಯಲ್ಲಿ ಮಾತ್ರೆ ಡಬ್ಬಿ ಇಲ್ಲದಿರುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಎಂದು ಹಾಳೆ ಮೇಲೆ ಬರೆದಿದ್ದರೆ ಅದು ನೀವು ಉಂಡರೂ ಉಣ್ಣದಿದ್ದರೂ ಶುಗರ್ ಇಳಿಸುತ್ತದೆ. ಅಮ್ಮನದ್ದು ಇದೇ ಆಗಿತ್ತು. ಇನ್ಸುಲಿನ್ ಕೂಡ ಹಾಗೆಯೇ ಇಳಿಸುತ್ತದೆ. ಮೆಟ್ಫಾರ್ಮಿನ್ ಒಂದೇ ಆದರೆ ಶುಗರ್ ಲೋ ಆಗುವ ಭಯ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಬೇರೆ ಅಪಾಯ ಇದೆ. ಅವು ಮೂತ್ರದಲ್ಲಿ ಸಕ್ಕರೆ ಕಳಿಸುತ್ತವೆ, ನೀರೂ ಹೋಗುತ್ತದೆ. ಉಪವಾಸದಲ್ಲಿ ಕೀಟೋನ್ ಮಿತಿಮೀರಿ, ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣದೆಯೇ ವಾಂತಿ, ಹೊಟ್ಟೆನೋವು, ಏದುಸಿರು ಬಂದು ಆಸ್ಪತ್ರೆ ಸೇರಬೇಕಾಗಬಹುದು. ಯಾವ ಮಾತ್ರೆ ಬಿಡಬೇಕು, ಯಾವುದರ ಹೊತ್ತು ಬದಲಿಸಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು. ನಾನೂ ಹೇಳಬಾರದು, ಪಕ್ಕದ ಮನೆಯವರೂ ಹೇಳಬಾರದು.

ಬಸುರಿಯರು, ಮಗುವಿಗೆ ಹಾಲೂಡಿಸುವವರು, ಬೆಳೆಯುವ ಮಕ್ಕಳು, ಟೈಪ್ 1 ಶುಗರ್ ಇರುವವರು, ಕಿಡ್ನಿ ಕಾಯಿಲೆಯವರು, ಹಿಂದೆ ಊಟ ಬಿಟ್ಟು ಬಿಟ್ಟು ಸೊರಗಿದ ಹುಡುಗಿಯರು, ಇವರಿಗೆ ಉಪವಾಸ ಬೇಡ. 70 ದಾಟಿ ಸಣಕಲಾಗಿರುವ ಅಜ್ಜ ಅಜ್ಜಿಯರಿಗೂ ಬೇಡ. ಅವರಲ್ಲಿ ಕರಗುವುದು ಕೊಬ್ಬಿಗಿಂತ ಮಾಂಸಖಂಡ, ಆಮೇಲೆ ಬಚ್ಚಲಲ್ಲಿ ಜಾರಿ ಬೀಳುವುದು. ಒಂದು ತುಳಸಿ ದಳ, ಒಂದು ಲೋಟ ಹಾಲು, ಬಾಯಲ್ಲಿ ವಿಷ್ಣು ಸಹಸ್ರನಾಮ. ಅಷ್ಟರಲ್ಲಿ ಅವರ ಏಕಾದಶಿ ಪೂರ್ತಿಯಾಗಲಿ.

ಇನ್ನುಳಿದವರಿಗೆ ನನ್ನ ಅಭಿಪ್ರಾಯ ಹೀಗಿದೆ. ಆರೋಗ್ಯ ಒಂದೇ ಕಾರಣವಾದರೆ ರಾತ್ರಿ ಏಳರೊಳಗೆ ಊಟ ಮುಗಿಸಿ, ಬೆಳಗ್ಗೆ ಎಂಟರ ತನಕ ಏನೂ ತಿನ್ನದೆ ಇರುವುದನ್ನು ಮೊದಲು ಎರಡು ತಿಂಗಳು ಮಾಡಿ ನೋಡಿ. ಖರ್ಚಿಲ್ಲ, ಭಯ ಕಡಿಮೆ, ಮನೆಮಂದಿಯೆಲ್ಲ ಮಾಡಬಹುದು. ತೂಕ ಇಳಿಸಲೇಬೇಕು ಅಂದರೆ 5:2. ಭಕ್ತಿಗಾಗಿ ಮಾಡುವವರು ನಿಮ್ಮ ಉಪವಾಸವನ್ನೇ ಮಾಡಿ, ಬೇರೆ ಹುಡುಕಬೇಡಿ. ನೀರು ಮತ್ತು ಪಾರಣೆ ಎರಡನ್ನು ಸರಿಮಾಡಿಕೊಳ್ಳಿ. ಬೆವರು, ನಡುಕ, ಎದೆ ಬಡಿತ, ಮಾತು ತೊದಲುವುದು ಕಂಡರೆ ಗಡಿಯಾರ ನೋಡುತ್ತಾ ಕೂರಬೇಡಿ. ಮೂರು ಚಮಚ ಸಕ್ಕರೆ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಅಮ್ಮ ಏಕಾದಶಿ ಬಿಟ್ಟಿಲ್ಲ. ಡಾಕ್ಟರ್ ಅವರ ಮಾತ್ರೆ ಬದಲಿಸಿ ಕೊಟ್ಟರು. ಈಗ ಬೆಳಗ್ಗೆ ಹಾಲು, ಹನ್ನೊಂದಕ್ಕೆ ಸೀಬೆಹಣ್ಣು, ಮಧ್ಯಾಹ್ನ ಮೊಸರು ಶೇಂಗಾ, ಸಂಜೆ ಮಜ್ಜಿಗೆ. ನಾಲ್ಕು ಗಂಟೆಗೆ ತಾವೇ ಬೆರಳು ಚಾಚುತ್ತಾರೆ. ಎದುರು ಮನೆಯ ಆಪಾನ ಹಾಗೆ ಅವರೂ ಪಂಚಾಂಗದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತಾರೆ. ಕಳೆದ ಏಕಾದಶಿಗೆ 104. ದ್ವಾದಶಿ ಬೆಳಗ್ಗೆ ನೆಲ್ಲಿಕಾಯಿ ತಂಬುಳಿ ನನಗೂ ಒಂದು ಸೌಟು ಬಡಿಸಿದರು.